ನೀಲತ್ತಿ ತೊಳೆದ ಬಶಿ

ನಮ್ಮ ಮನಿಯೊಳಗ ಒಂದು ಮಾತು ಓಡಾಡತೈತಿ. ಯಾರರ ಪಾತ್ರಿ ಹೆಚ್ಚು ತಿಕ್ಕಿ ಕಲಾಯಿ ಕಿತ್ತರ, ಅರಿವಿ ಬಡದು ಬಡದು ಬಣ್ಣ ಕಳದರ, "ನೀಲತ್ತಿ ತೊಳದಂಗ ತೊಳದಿ ನೋಡು" ಅಂತಾರ. ನನ್ನ ಮಕ್ಕಳು ಅಂತಾರ, ಸೊಸಿ ಅಂತಾಳ, ಮೊಮ್ಮಕ್ಕಳೂ ಅಂತಾವು. ನೀಲತ್ತಿನ್ನ ಕಂಡ ನೆನಪು ಅವರೊಳಗ ಯಾರಿಗೂ ಇಲ್ಲ. ಆಕಿ ನಮ್ಮಪ್ಪನ ಅಕ್ಕ, ನನಗ ಸೋದರತ್ತಿ. ಆ ಮಾತು ಸುಳ್ಳು. ಸುಳ್ಳು ಅಂತ ಗೊತ್ತಿದ್ದಾಕಿ ಈಗ ನಾನೊಬ್ಬಾಕಿನ ಉಳದೀನಿ. ನನಗ ಬರಿಯಾಕ ಬಾಳ ಬರೂದಿಲ್ಲ, ಮೂರನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟಾಕಿ. ತಪ್ಪಿದ್ದಲ್ಲಿ ತಿದ್ದಿ ಓದಿಕೊಳ್ಳಿರಿ. ಅಕ್ಷರದ ತಪ್ಪು ತಿದ್ದಬಹುದು.

ನಮ್ಮ ತವರುಮನಿ ಬೆಟಗೇರಿಯ ಒಂದು ಸಣ್ಣ ಓಣಿಯೊಳಗಿತ್ತು. ಎಡಕ್ಕ ಬಲಕ್ಕ ಮಗ್ಗದ ಮನಿಗಳು. ಹೊತ್ತು ಹೊಂಟಾಗಿಂದ ಹೊತ್ತು ಮುಣುಗೂತನಕ ಲಾಳಿಯ ಸಪ್ಪಳ. ನಮ್ಮ ಮನಿಯಾಗ ಮಾತ್ರ ಮಗ್ಗ ಇರಲಿಲ್ಲ, ಅಪ್ಪಂದು ಫೋಟೋದ ಅಂಗಡಿ. ಮುಂದಿನ ಪಡಸಾಲಿನ ಅಂಗಡಿ. ಅಲ್ಲೊಂದು ಪರದೆ, ಅದರ ಮ್ಯಾಲ ಕೆರಿ, ಕೆರಿಯೊಳಗ ಹಂಸ, ಹಿಂದ ಕಂಬದ ಅರಮನಿ. ಹರ್ತಿ, ಹಿರೇವಡ್ಡಟ್ಟಿ ಕಡೆಯಿಂದ ಬಂದ ರೈತರು ಆ ಹಂಸದ ಮುಂದ ಕುಂತು, ಉಸಿರು ಬಿಗಿಹಿಡದು, ಜೀವಂತ ಇದ್ದಾಗನ ತೀರಿಕೊಂಡವರಂಗ ಮಾರಿ ಮಾಡತಿದ್ದರು. ಪಡಸಾಲಿ ದಾಟಿದರ ನಡುಮನಿ, ಅಲ್ಲಿ ದೇವರ ಜಗಲಿ. ಅದರ ಹಿಂದ ಅಡಗಿಮನಿ, ಕಟ್ಟಕಡಿಗೆ ಬಚ್ಚಲ, ಬಚ್ಚಲದಾಗ ತಾಮ್ರದ ಹಂಡೆ. ಅಡಗಿಮನಿಗೂ ಬಚ್ಚಲಕ್ಕೂ ನಡುವ ಮೊದಲು ಕಾಳು ಇಡೂ ಖೋಲಿ ಇತ್ತು. ಅಪ್ಪ ಅದರ ಕಿಡಕಿಗೆ ಮಣ್ಣು ಮೆತ್ತಿ, ಬಾಗಿಲಿಗೆ ಎರಡು ಪದರ ಕರೀ ಕಂಬಳಿ ಇಳಿಬಿಟ್ಟು ಕತ್ತಲಿ ಖೋಲಿ ಮಾಡಿದ್ದ. ಜೋಳದ ಚೀಲ ಇಡಾಕ ಬ್ಯಾರೆ ಜಾಗ ಇರಲಿಲ್ಲ, ಅವೂ ಅಲ್ಲೇ ಇದ್ದವು. ಕೆಂಪು ಗಾಜಿನ ಕಂದೀಲು ಹಚ್ಚಿದರ ಚೀಲಗಳೂ ಕೆಂಪು, ಅಪ್ಪನ ಕೈಯೂ ಕೆಂಪು. ಈ ಖೋಲಿ ಸಲುವಾಗಿ ಅಪ್ಪಗೂ ಅವ್ವಗೂ ವಾರಕ್ಕೊಮ್ಮೆ ಜಗಳ.

"ನಿಮ್ಮ ಔಷಧದ ವಾಸನಿ ಹಿಟ್ಟಿಗೆ ಬಂದೈತಿ. ಬಂದ ಬೀಗರು ರೊಟ್ಟಿ ಮೂಸಿ ನೋಡತಾರ."

"ಮೂಸಿದವರು ಎದ್ದು ಹೋಗ್ಯಾರೇನು? ಮತ್ತೆರಡು ಹಾಕಿಸಿಕೊಂಡಾರಲ್ಲ."

"ನಾಚಿಕಿಗೆ ತಿಂದಾರ. ಮನಿಗೆ ಹೋಗಿ ನೀರು ಕುಡದಿರಬೇಕು."

ಕಾಗದದ ಫೋಟೋ ನಮ್ಮ ಕಡೆ ಬಾಳಿಕಿ ಬರತಿರಲಿಲ್ಲ. ಅದಕ್ಕ ಕಾರಣ ಫೋಟೋ ಅಲ್ಲ, ನಮ್ಮ ಮಂದಿ. ಸತ್ತ ಹಿರಿಯರ ಫೋಟೋ ಗ್ವಾಡಿಗೆ ತೂಗುಹಾಕಿ ಸುಮ್ಮನಿರೂ ಪದ್ಧತಿ ನಮ್ಮಲ್ಲಿ ಇಲ್ಲ. ಅದನ್ನ ಜಗಲಿ ಮ್ಯಾಲ ದೇವರ ಸಾಲಿನಾಗ ಇಡತಾರ. ಅಮಾಸಿಗೆ ದೇವರಿಗೆ ನೀರು ಹಾಕಿದ ಕೈಲೆ ಹಿರಿಯರಿಗೂ ನೀರು ಹಾಕತಾರ, ಹಣಿಗೆ ಈಬತ್ತಿ ಹಚ್ಚತಾರ. ಚೌಕಟ್ಟಿನೊಳಗ ನೀರು ಇಳದು ವರ್ಷ ತುಂಬೂದರೊಳಗ ಹಿರಿಯರ ಮಾರಿಗೆ ಬೂಸಲು ಬರತಿತ್ತು. ಮುಂಡರಗಿಯ ಒಬ್ಬ ರೈತ ಅಂಥಾದೊಂದು ಫೋಟೋ ಹಿಡಕೊಂಡು ಬಂದಿದ್ದು ನನಗ ಇನ್ನೂ ನೆನಪೈತಿ.

"ಸಾವಕಾರ್ರ, ನಮ್ಮಪ್ಪನ ಮೀಸಿ ಹೋಗೈತ್ರಿ."

"ನೀರು ಹಾಕಿದ್ರೇನು?"

"ದೇವರಿಗೆ ಹಾಕಿ ಅಪ್ಪಗ ಬಿಡಾಕ ಬರತೈತೇನ್ರಿ? ಸಿಟ್ಟಿನ ಮನಶಾ ಬ್ಯಾರೆ."

ಆತ ಹೋದ ಮ್ಯಾಲ ಅಪ್ಪ ಅಂದಿದ್ದ, "ಮಂದಿ ನೀರು ಹಾಕೂದು ಬಿಡೂದಿಲ್ಲ. ಬಿಡ್ರಿ ಅನ್ನಾಕ ನಾವ್ಯಾರು. ನೀರಿಗೆ ಜಗ್ಗದಂಥಾ ಫೋಟೋ ನಾವ ಮಾಡಿ ಕೊಡಬೇಕು." ಮಿರಜಿ ಕಡೆ ಒಬ್ಬ ಉಸ್ತಾದನ ಹತ್ತಿರ ಆರು ತಿಂಗಳಿದ್ದು, ಪಿಂಗಾಣಿ ಬಶಿ ಮ್ಯಾಲ, ಗಾಜಿನ ಮ್ಯಾಲ ಫೋಟೋ ಮೂಡಿಸೂದು ಕಲತು ಬಂದ. ಬಶಿ ತೊಳದು, ಬೆಚ್ಚಗ ಮಾಡಿ, ಅದರ ಮ್ಯಾಲ ಮಸಾಲಿ ಸುರದು ಕತ್ತಲಿಯೊಳಗ ಒಣಗಿಸತಿದ್ದ. ಮಸಾಲಿ ಅಂದರ ಅಡಗೀದಲ್ಲ, ಸರೇಸಿನಂಥ ಅಂಟಿನೊಳಗ ಬೆಳ್ಳಿ ಉಪ್ಪು ಕೂಡಿಸಿದ್ದು. ಆಮ್ಯಾಲ ನೆಗೆಟಿವ್ ಗಾಜಿನೊಳಗಿಂದ ಬೆಳಕು ಬಿಟ್ಟು, ಔಷಧದಾಗ ಅದ್ದಿದರ, ಬಿಳೀ ಬಶಿಯೊಳಗ ಮಾರಿ ಏಳತಿತ್ತು. ಮೊದಲು ಕಣ್ಣು, ಆಮ್ಯಾಲ ಮೀಸಿ, ಆಮ್ಯಾಲ ಪಟಕ. ಖರೆ ಅಷ್ಟಕ್ಕ ಅದು ಪಕ್ಕಾ ಅಲ್ಲ. ನುಣುಪು ಬಶಿಯ ಮ್ಯಾಲ ಹಾಲಿನ ಕೆನಿ ಕುಂತಂಗ ಕುಂತಿರತೈತಿ. ಬಿಸಿನೀರು ತಾಗಿದರ ಎದ್ದು ಹೋಗತೈತಿ. ಅದನ್ನ ಕಾಯೂದು ವಾರ್ನಿಸು. ಅರಗು ಸ್ಪಿರಿಟ್ಟಿನೊಳಗ ಮೂರು ದಿನ ನೆನೆಹಾಕಿ, ಮಲ್ಲಿನ ಅರಿವಿಯಾಗ ಸೋಸಿ, ಅಪ್ಪನ ಮಾಡತಿದ್ದ.

ವಾರ್ನಿಸು ಹಚ್ಚೂ ಕೆಲಸ ನಂದು. "ಗಂಗಿ ಕೈ ಹಗುರ" ಅಂತ ಅಪ್ಪ ಹನ್ನೊಂದನೇ ವರ್ಷಕ್ಕ ನನಗ ವಹಿಸಿದ್ದ. ಕೆಂಡದ ಬೋಗುಣಿ ಮ್ಯಾಲ ಬಶಿ ಹಿಡದು, ಅದರ ಹಿಂದ ಅಂಗೈ ಮುಟ್ಟಿಸಿದರ ಜ್ವರ ಬಂದವರ ಹಣಿಯಷ್ಟು ಬೆಚ್ಚಗಾಗಬೇಕು. ಒಳಗ ಪಸಿ ಉಳದರ ವಾರ್ನಿಸು ಬೆಳ್ಳಗಾಗತೈತಿ. ನಡುವ ಸುರೀಬೇಕು, ಬಶಿ ವಾಲಾಡಿಸಿ ಅಂಚಿನತನಕ ಒಯ್ಯಬೇಕು, ಹೆಚ್ಚಾಗಿದ್ದು ಬಾಟ್ಲಿಗೆ ತಿರುಗಿ ಬಸೀಬೇಕು. ಒಣಗಿದ ಮ್ಯಾಲ ಎರಡನೇ ಸಲ. ಸಂಜಿಮುಂದ ಅಪ್ಪ ಪ್ರತಿ ಬಶಿ ಮೂಗಿನ ಹತ್ತಿರ ಹಿಡದು ಮೂಸತಿದ್ದ. ವಾಸನಿ ಬಂದರ "ಆತು" ಅನ್ನತಿದ್ದ. ಅಷ್ಟ ಆತನ ತಪಾಸಣಿ. ಬಶಿ ಹಿಂದ ಎಣ್ಣಿ ಬಣ್ಣದಾಗ ಹೆಸರು ಬರಿಯೂದೂ ನನ್ನ ಕೆಲಸಾನ. ಗಾಜಿಗೆ ಬರೀಬೇಕಾದರ ಹಿಂದಿನಿಂದ ಉಲ್ಟಾ ಬರೀಬೇಕು, ಮುಂದಿನಿಂದ ನೋಡಿದರ ನೆಟ್ಟಗ ಕಾಣತೈತಿ. ಸಾಲಿಯಾಗ ಕಲತಿದ್ದಕ್ಕಿಂತ ಹೆಚ್ಚಿನ ಅಕ್ಷರ ನಾ ಕಲತಿದ್ದು ಸತ್ತವರ ಹೆಸರಿನಿಂದ, ಅದರಾಗ ಅರ್ಧ ಉಲ್ಟಾ.

ನೀಲತ್ತಿನ್ನ ಲಕ್ಷ್ಮೇಶ್ವರಕ್ಕ ಕೊಟ್ಟಿದ್ದರು. ಆಗ ಅದು ಸಂಸ್ಥಾನದ ಊರು. ಸ್ವಾತಂತ್ರ್ಯ ಬಂದು ಸಂಸ್ಥಾನ ಹೋದವು, ಆ ಹೊತ್ತಿನಾಗ ಆಕಿ ಗಂಡನೂ ಹೋದ. ಬಗಲಾಗ ಕೂಸು ಎತ್ತಿಕೊಂಡು ತಮ್ಮನ ಮನಿಗೆ ಬಂದಳು. ಆ ಕೂಸು ಗುರುಪಾದ. ನಾವು ಗುರ್ಯಾ ಅಂತಿದ್ದಿವಿ. ಅತ್ತಿ ಎಂದೂ ಮನಿಯಾಗ ಬಾಯಿ ಮಾಡಿದಾಕಿ ಅಲ್ಲ. ಆಕಿದು ಒಂದು ಹೆಸರುವಾಸಿ ಕೆಲಸ, ಕೂಸುಗಳಿಗೆ ಎರಿಯೂದು. ಓಣಿಯಾಗ ಯಾರು ಹಡದರೂ ಬಚ್ಚಲಕ್ಕ ನೀಲವ್ವನ ಬೇಕು. ಎರಡೂ ಕಾಲು ನೀಡಿ ಕುಂತು, ಮೊಣಕಾಲ ಕೆಳಗ ಕೂಸಿನ್ನ ಮಲಗಿಸಿಕೊಂಡು, ಮೊಣಕೈಲೆ ನೀರಿನ ಬಿಸಿ ನೋಡಿ, ಎಣ್ಣಿ ತಿಕ್ಕಿ ಎರದಳಂದರ ಕೂಸು ಸಂಜೀತನಕ ನಿದ್ದಿ. ಮಗ್ಗದವರ ಹೆಣ್ಣುಮಕ್ಕಳು ಚಾಷ್ಟಿ ಮಾಡತಿದ್ದರು, "ನೀಲವ್ವ, ನಮ್ಮ ಗಂಡಂದಿರಿಗೂ ಒಮ್ಮೆ ಎರದು ಮಲಗಿಸವ್ವ." ಆಗ ಮಾತ್ರ ಆಕಿ ನಗತಿದ್ದಳು.

ಗುರ್ಯಾ ಆರು ತುಂಬಿ ಏಳರಾಗ ಜ್ವರ ಬಂದು ನಾಕು ದಿನದಾಗ ಹೋದ. ಆತನ ಫೋಟೋ ಇದ್ದದ್ದು ಒಂದು. ಅಪ್ಪ ಹೊಸಾ ಕ್ಯಾಮೆರಾ ಪರೀಕ್ಷಾ ಮಾಡಾಕ ಅಂತ ತೆಗದಿದ್ದು. ಕೈಯಾಗ ಕಚ್ಚಿದ ಪ್ಯಾರಲಹಣ್ಣು, ಬಾಯಿ ತೆರದು ನಗತಿದ್ದ, ಮುಂದಿನ ಒಂದು ಹಲ್ಲು ಅರ್ಧ ಮುರದಿತ್ತು. ನೆಗೆಟಿವ್ ಗಾಜನ್ನ ಅಪ್ಪ ಕೆಂಪು ಕಾಗದದಾಗ ಸುತ್ತಿ ಕತ್ತಲಿ ಖೋಲಿಯ ಗ್ವಾಡಿಯಾಗಿನ ಮಾಡದಾಗ ಇಟ್ಟಿದ್ದ. ಮೂಡಿಸಿ ಕೊಡಲೇನು ಅಂತ ಕೇಳಿದರ ಅತ್ತಿ ಎರಡು ವರ್ಷ ಬ್ಯಾಡ ಅಂದಳು. ಮೂರನೇ ವರ್ಷ, ಏಕೀಕರಣ ಆಗೂದೈತಿ ಅಂತ ಊರೆಲ್ಲಾ ಮಾತಾಡೂ ದಿನದಾಗ, ಊಟಕ್ಕ ಕುಂತಾಗ ತಾನ ಬಾಯಿ ಬಿಟ್ಟಳು.

"ತಮ್ಮಾ, ಹುಡುಗಂದು ಒಂದು ಬಶಿ ಮಾಡಿ ಕೊಡು."

"ಈಗ್ಯಾಕ ಅಕ್ಕಾ, ಒಮ್ಮಿಂದೊಮ್ಮೆ?"

"ಮಾರಿ ಮರತು ಹೊಂಟೀನಿ. ನಿನ್ನೆ ಬಚ್ಚಲದಾಗ ಕುಂತು ಹಲ್ಲು ಯಾವ ಕಡೆ ಮುರದಿತ್ತು ಅಂತ ನೆನಸೀನಿ, ನೆನಪಾಗಲಿಲ್ಲ. ತಾಯಿ ಆಗಿ ನೆನಪಾಗಲಿಲ್ಲ."

ಅಪ್ಪ ರೊಟ್ಟಿ ಬಿಟ್ಟು ಎದ್ದ. ಗದಗಿನ ಪ್ಯಾಟಿಯಿಂದ ಅಂಚಿಗೆ ನೀಲಿ ಗೆರಿ ಇದ್ದ ಛಲೋ ಬಶಿ ತಂದ. ಅದರಾಗ ಗುರ್ಯಾ ಎದ್ದಾಗ ಕತ್ತಲಿ ಖೋಲಿಯಾಗ ನಾನೂ ಇದ್ದೆ. ಮೊದಲು ಪ್ಯಾರಲಹಣ್ಣು ಕಂಡಿತು, ಆಮ್ಯಾಲ ನಗು.

ಆ ವರ್ಷ ದೀವಳಿಗಿಯೂ ಏಕೀಕರಣವೂ ಒಂದಕ್ಕೊಂದು ಹತ್ತಿಕೊಂಡು ಬಂದವು. ನಾವು ಮುಂಬಯಿ ರಾಜ್ಯದವರು ಇನ್ನ ಮ್ಯಾಲ ಕನ್ನಡದ ರಾಜ್ಯದವರು ಅಂತ ಮಂದಿ ಒಬ್ಬರಿಗೊಬ್ಬರು ಸಕ್ರಿ ಕೊಡತಿದ್ದರು. ಮೆರವಣಿಗಿಗೆ ಅಲಂಕಾರದ ಚಕ್ಕಡಿ, ಚಕ್ಕಡಿಯಾಗ ಭುವನೇಶ್ವರಿ ವೇಷದಾಕಿ, ಆಕಿ ಕಾಲಹತ್ತಿರ ಆರತಿ ಹಿಡದ ನಾಕು ಸಣ್ಣ ಹುಡುಗಿಯರು. ಆ ನಾಕು ಮಂದಿನ್ನ ಆರಿಸೂದು ಮೆರವಣಿಗಿಗಿಂತ ಎರಡು ದಿನ ಮೊದಲು, ಮಧ್ಯಾಹ್ನ, ನಮ್ಮ ಓಣಿಯ ಮಠದಾಗ. ನನಗ ಅದರ ಖಬರು ಹತ್ತಿದಾಗ ನನ್ನ ಮುಂದ ಮೂರು ಬಶಿ ಇದ್ದವು. ಎರಡು ಶಿರಹಟ್ಟಿಯ ಗಿರಾಕಿಗಳವು, ಒಂದು ಗುರ್ಯಾಂದು. ಅಪ್ಪ ಗದಗಿಗೆ ಹೋಗಿದ್ದ. ನಾ ಅವಸರ ಮಾಡಿದೆ. ಶಿರಹಟ್ಟಿಯವಕ್ಕ ಎರಡೆರಡು ಸಲ ಹಚ್ಚೂದರಾಗ, ಹೆಚ್ಚಾಗಿದ್ದನ್ನ ಬಾಟ್ಲಿಗೆ ಬಸಿಯೂ ಬದಲಿ ನೆಲಕ್ಕ ಚೆಲ್ಲಿದೆ. ಬಾಟ್ಲಿಯಾಗ ತಳಕ್ಕ ಅಂಟಿದ ಗಸಿ ಉಳೀತು. ಹೊಸಾದು ಮಾಡಾಕ ಮೂರು ದಿನ ಬೇಕು. ಚೆಲ್ಲೀನಿ ಅಂತ ಅಪ್ಪಗ ಹೇಳಿದರ ಆತ ಬಡಿಯಾಂವ ಅಲ್ಲ. ಬೈತಿದ್ದ, ಅಷ್ಟ. ಖರೆ ಆತ ಬರೂತನಕ ಕುಂಡ್ರಬೇಕಾಗತಿತ್ತು, ಮಠದಾಗ ಆರಿಸೂದು ಮುಗೀತಿತ್ತು. ನಾ ಗಸಿಯ ಬಾಟ್ಲಿಗೆ ನಾಕು ಹನಿ ಬರೇ ಸ್ಪಿರಿಟ್ಟು ಹಾಕಿ ಅಲ್ಲಾಡಿಸಿ, ಹತ್ತಿ ಅರಳಿ ಅದ್ದಿ, ಗುರ್ಯಾನ ಬಶಿಯ ಅಂಚಿಗಷ್ಟ ಒರಸಿದೆ. ಮಾರಿ ಮ್ಯಾಲ ಏನೂ ಇಲ್ಲ. ವಾಸನಿ ಮಾತ್ರ ಬಂತು. ಹಬ್ಬ ಆದ ಮ್ಯಾಲ ಕಳ್ಳತನದಾಗ ಹಚ್ಚಿದರಾತು ಅಂದುಕೊಂಡು ಮಠಕ್ಕ ಓಡಿದೆ. ನನ್ನನ್ನ ಆರಿಸಿದರು.

ಸಂಜಿಮುಂದ ಅಪ್ಪ ಮೂರೂ ಬಶಿ ಮೂಸಿದ. ಗುರ್ಯಾಂದು ಮೂಸುವಾಗ ನಾ ಅವ್ವನ ಹತ್ತಿರ ಚಕ್ಕಡಿ ಮಾತು ಹೇಳತಿದ್ದೆ, ಕಣ್ಣು ಮಾತ್ರ ಅಲ್ಲೇ ಇತ್ತು. "ಆತು" ಅಂದ. ಬಶಿ ಅಕ್ಕನ ಕೈಯಾಗ ಕೊಟ್ಟು ಅಂದ ಮಾತು ಇದು:

"ಎಣ್ಣಿ ಹಾಕು, ನೀರು ಹಾಕು, ಅಂಜಬ್ಯಾಡ. ಗಂಗಿ ಎರಡು ಸಲ ಹಚ್ಯಾಳ. ನಾವು ನೀವು ಹೋಗತೀವಿ, ಇದು ಹೋಗೂದಿಲ್ಲ."

ಮರುದಿನ ಭುವನೇಶ್ವರಿಯ ಗಾಜಿನ ಚಿತ್ರ ಬೇಕು ಅಂತ ಅಂಗಡಿಕಾರರು ಸಾಲು ಹಚ್ಚಿದರು. ಅವು ಅಂಗಡಿಯಾಗ ತೂಗುಹಾಕೂವು, ನೀರು ಬೀಳೂದಿಲ್ಲ, ವಾರ್ನಿಸು ಬೇಕಾಗತಿರಲಿಲ್ಲ. ಗಾಜು ಕಡಿಮಿ ಬಿತ್ತು. ಅಂಥಾ ಹೊತ್ತಿನಾಗ ಅಪ್ಪ ಹಳೇ ನೆಗೆಟಿವ್ ಗಾಜುಗಳನ್ನ ಸೋಡಾ ಹಾಕಿದ ಕುದಿಯೂ ನೀರಿನಾಗ ಅದ್ದಿ, ಮಸಾಲಿ ಎಬ್ಬಿಸಿ, ಬಿಳೀ ಗಾಜು ಮಾಡಿಕೊಳ್ಳತಿದ್ದ. ಬೇಕಾದ್ದು ಯಾವುದು, ಬ್ಯಾಡಾದ್ದು ಯಾವುದು ಅಂತ ಒಂದೊಂದ ಬೆಳಕಿಗೆ ಹಿಡದು ನೋಡಿದ. ಮಾಡದಾಗಿನ ಕೆಂಪು ಕಾಗದ ಬಿಚ್ಚಿದಾಗ ನಾ ಗಾಜು ಒರಸಾಕತ್ತಿದ್ದೆ. "ಇದರ ಕೆಲಸ ಆತು. ಬಶಿ ಪಕ್ಕಾ ಆಗೈತಿ" ಅಂದು ಅದನ್ನೂ ನೀರಿಗೆ ಬಿಟ್ಟ. ಬ್ಯಾಡ ಅನ್ನಾಕ ನನಗ ಬಾಯಿ ಇತ್ತು. ಬ್ಯಾಡ ಅಂದರ ಯಾಕ ಅಂತ ಕೇಳತಾನ. ಯಾಕ ಅಂತ ಹೇಳಿದರ ನಾಳೆ ಚಕ್ಕಡಿ ಇಲ್ಲ. ನಾ ಗಾಜು ಒರಸಿದೆ. ಗುರ್ಯಾ ಇದ್ದ ಆ ಗಾಜಿನ ಮ್ಯಾಲ ಭುವನೇಶ್ವರಿ ಮೂಡಿ ಗದಗಿನ ಯಾವುದೋ ಅಂಗಡಿಗೆ ಹೋತು. ಯಾವ ಅಂಗಡಿ ಅಂತ ನನಗ ಗೊತ್ತಿಲ್ಲ.

ಮೆರವಣಿಗಿ ಬಗ್ಗೆ ಹೇಳೂದು ಬಾಳಿಲ್ಲ. ನಾ ಚಕ್ಕಡಿಯಾಗ ಕುಂತೆ. ಅತ್ತಿ ಗದ್ದಲದಾಗ ನುಗ್ಗಿ ಮುಂದ ಬಂದು ನನಗ ದೃಷ್ಟಿ ತಗದು ನೆಟಿಗಿ ಮುರದಳು.

ಅದರ ಮರುದಿನ ಅಮಾಸಿ. ಮುಂಜಾನೆ ಎಲ್ಲಾರದೂ ಎಣ್ಣಿ ನೀರು ಆತು. ನನ್ನ ತಲಿ ಇನ್ನೂ ಹಸಿ ಇತ್ತು, ಒಣಗಿಸಿಕೊಳ್ಳಾಕ ಹಿತ್ತಲಕ್ಕ ಹೊಂಟಾಕಿ ಬಚ್ಚಲದ ಬಾಗಿಲದಾಗ ನಿಂತೆ. ಅತ್ತಿ ಒಳಗ ಕಾಲು ನೀಡಿ ಕುಂತಿದ್ದಳು, ಕೂಸಿಗೆ ಎರಿಯಾಕ ಕುಂಡ್ರೂವಂಗ. ಕಾಲ ಮ್ಯಾಲ ಬಶಿ. ಎಲ್ಲಾರೂ ಹಿರಿಯರಿಗೆ ತಣ್ಣೀರು ಹಾಕತಾರ. ಆಕಿ ಹಂಡೆಯಿಂದ ಬಿಸಿನೀರು ತೋಡಿಕೊಂಡಿದ್ದಳು. ಗುರ್ಯಾಗ ತಣ್ಣೀರು ಅಂದರ ಆಗತಿರಲಿಲ್ಲ, ಬಚ್ಚಲದಿಂದ ಎದ್ದು ಓಡತಿದ್ದ. ಮೂರು ವರ್ಷದ ಮ್ಯಾಲ ಮಗ ಮನಿಗೆ ಬಂದಾನ, ಹಬ್ಬದ ಜಳಕ ಆಗಬೇಕಲ್ಲ. ಆಕಿ ಮೊಣಕೈಲೆ ನೀರು ನೋಡಿದಳು. ಬಶಿಗೆ ಎಣ್ಣಿ ಹಚ್ಚಿ ಹೆಬ್ಬೆಟ್ಟಿಲೆ ಹಣಿ ತಿಕ್ಕಿದಳು, ಗಲ್ಲ ತಿಕ್ಕಿದಳು.

"ಕಣ್ಣು ಮುಚ್ಚಿಕೋ. ಸುಡೂದಿಲ್ಲ, ನಾ ನೋಡೀನಿ" ಅಂದಳು. ನನಗಲ್ಲ.

ಆಗ "ಅತ್ತಿ, ತಡಿ" ಅಂದಿದ್ದರ ಆಗತಿತ್ತು. ಎರಡ ಮಾತು. ನಾ ಅನ್ನಲಿಲ್ಲ. ಹೋಗದ ಇರಬಹುದು ಅಂತ ನೋಡಕೋತ ನಿಂತೆ. ಮೊದಲನೇ ತಂಬಿಗಿಗೆ ಏನೂ ಆಗಲಿಲ್ಲ. ಕಡ್ಲಿಹಿಟ್ಟು ಹಾಕಿ ಎಣ್ಣಿ ಬಿಡಿಸಾಕ ತಿಕ್ಕಿದಳು. ಎರಡನೇ ತಂಬಿಗಿಗೆ ಅಂಚು ಎದ್ದಿತು. ಮೂರನೇದು ಸುರಿಯೂವಾಗ ಗುರ್ಯಾ ಪೂರಾ ಎದ್ದು, ನೆರಿಗಿ ಬಿದ್ದು, ಹಾಲಿನ ಕೆನಿ ಸರದಂಗ ಸರದು ಆಕಿ ಕಾಲ ಮ್ಯಾಲ ಇಳದ. ಆಕಿ ಹಿಡಿಯಾಕ ಹೋದಳು. ಬೆರಳಿಗೆ ಹತ್ತಿದ್ದು ಕಾಡಿಗಿಯಂಗ ಹರೀತು. ಉಳದದ್ದು ಹಿಟ್ಟಿನ ನೀರಿನ ಕೂಡ ಮೋರಿ ಕಿಂಡಿಗೆ ಹೊಂಟಿತು. ಅತ್ತಿ ಚೀರಲಿಲ್ಲ. ಬಗ್ಗಿ, ಅಂಗೈಲೆ ಕಿಂಡಿ ಮುಚ್ಚಿದಳು. ನೀರು ಬಚ್ಚಲದಾಗ ನಿಂತಿತು. ಹಂಗ ಕಿಂಡಿ ಮುಚ್ಚಿಕೊಂಡ ಕುಂತಳು.

ಅವ್ವ ಬಂದಳು, ಅಪ್ಪ ಬಂದ. ಅಪ್ಪ ಬಶಿ ಎತ್ತಿ ನೋಡಿದ, ಬೆಳಕಿಗೆ ಹಿಡದ. ಬಿಳೀ ಬಶಿ, ನೀಲಿ ಗೆರಿ.

"ವಾರ್ನಿಸು ಇದ್ದದ್ದು ಹಿಂಗ ಏಳೂದಿಲ್ಲ" ಅಂದ. ನನ್ನ ಕಡೆ ತಿರುಗಿದ. "ಗಂಗಿ, ಎರಡು ಸಲ ಹಚ್ಚಿದೇನು?"

"ಹಚ್ಚೀನಿ."

"ಖರೆ ಹೇಳು."

ಅತ್ತಿ ಕಿಂಡಿ ಮ್ಯಾಲಿನ ಕೈ ತಗೀಲಾರದ ಅಂದಳು, "ಹುಡುಗಿನ್ನ ಯಾಕ ಕೇಳತಿ? ಆಕಿ ಏನು ಮಾಡ್ಯಾಳ. ಬಿಸಿನೀರು ಹಾಕಿದಾಕಿ ನಾನು, ತಿಕ್ಕಿದಾಕಿ ನಾನು."

"ತಿಕ್ಕು ಅಂತ ಯಾರು ಹೇಳಿದ್ದರು ಅಕ್ಕಾ? ಹಾಕು ಅಂದಿದ್ದೆ, ತಿಕ್ಕು ಅಂದಿದ್ದೆನೇನು?"

ಅಪ್ಪ ಆ ದಿನ ಅಕ್ಕಗ ಬಾಳ ಅಂದ. ಆತ ಎಂದೂ ಅಕ್ಕನ ಮುಂದ ದನಿ ಎತ್ತಿದಾಂವ ಅಲ್ಲ. ಈಗ ನನಗ ತಿಳೀತೈತಿ, ನೆಗೆಟಿವ್ ತೊಳದಾಂವ ತಾನು, ಅದಕ್ಕ ಆತಗ ಯಾರನ್ನರ ಬೈಯೂದು ಬೇಕಾಗಿತ್ತು. ನನ್ನ ಮಾತು ಆತಗೂ ಅನುಕೂಲ ಆತು. ಆ ಹಬ್ಬದ ಹೋಳಿಗಿ ಯಾರೂ ಉಣ್ಣಲಿಲ್ಲ ಅಂತ ಬರೀಬೇಕು ಅನಸತೈತಿ, ಖರೆ ನಾ ಎರಡು ಉಂಡೆ.

ನಾಕು ದಿನ ಬಿಟ್ಟು ಅತ್ತಿ ನನ್ನನ್ನ ಜ್ವಾಳದ ಚೀಲದ ಹತ್ತಿರ ಕರದು ಕೇಳಿದಳು.

"ಗಂಗಿ, ನೀ ಗಾಜಿನಾಗೂ ನೋಡಿದ್ದಿ, ಬಶಿಯಾಗೂ ನೋಡಿದ್ದಿ. ಹಲ್ಲು ಯಾವ ಕಡೆ ಮುರದಿತ್ತು?"

ಗಾಜಿನಾಗ ಎಡಕಿದ್ದದ್ದು ಬಶಿಯಾಗ ಬಲಕ್ಕ ಬರತೈತಿ. ಎರಡೂ ನೋಡಿದ್ದಕ್ಕ ನನಗ ಎರಡೂ ಕಲಸಿ ಹೋಗಿದ್ದವು. "ಎಡಕ್ಕ" ಅಂದೆ. ಆಕಿ ಎಡಕ್ಕ ಅಂತ ಗೋಣು ಹಾಕಿದಳು. ಇನ್ನ ಮ್ಯಾಲ ಆಕಿ ಮಗನ ಹಲ್ಲು ಎಡಕ್ಕ ಮುರದಿರತೈತಿ. ಅದು ಖರೇನೋ ಸುಳ್ಳೋ ಇವತ್ತಿಗೂ ನನಗ ಗೊತ್ತಿಲ್ಲ.

ಬರೇ ಬಶಿಯನ್ನ ಆಕಿ ಜಗಲಿಯಿಂದ ತಗೀಲಿಲ್ಲ. ಅಮಾಸಿಗೆ ಒಣ ಈಬತ್ತಿ ಹಚ್ಚತಿದ್ದಳು, ಒಂದು ಹೂವು ಇಡತಿದ್ದಳು, ನೀರು ಮಾತ್ರ ಒಂದು ಹನಿ ಬೀಳಗೊಡತಿರಲಿಲ್ಲ. ಕೂಸುಗಳಿಗೆ ಎರಿಯೂದು ಬಿಟ್ಟಳು. ಓಣಿಯವರು ಕರಿಯಾಕ ಬಂದರ "ಕೈ ನೋವು" ಅಂತಿದ್ದಳು. ರೊಟ್ಟಿ ಬಡಿಯಾಕ ಆ ಕೈ ನೋಯತಿರಲಿಲ್ಲ.

ಮನಿಯ ಆ ಮಾತು ಮೊದಲು ಯಾರು ಅಂದರು ಅಂತ ನನ್ನ ಮಕ್ಕಳಿಗೆ ಗೊತ್ತಿಲ್ಲ. ನಾನ ಅಂದಾಕಿ. ಒಂದು ವರ್ಷ ಕಳದಿರಬೇಕು. ಅಪ್ಪನ ಅಂಗಿಯ ಗುಂಡಿ ಕಿತ್ತು ಹೋಗೂವಂಗ ಅವ್ವ ಅರಿವಿ ಒಗದಿದ್ದಳು, ಅಪ್ಪ ನನ್ನ ಕಡೆ ನೋಡಿ ಇದೇನು ಅಂದ. ನಾ ನಗಸಾಕ ಅಂದೆ, "ಅವ್ವ ನೀಲತ್ತಿ ತೊಳದಂಗ ತೊಳದಾಳ." ಅವ್ವ ನಕ್ಕಳು, ಅಪ್ಪನೂ ನಕ್ಕ. ಅಡಗಿಮನಿಯಾಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಒಂದು ಗಳಿಗಿ ಬಿಟ್ಟು ಮತ್ತ ಸುರುವಾತು. ಅಂಥಾ ಮಾತು ಒಮ್ಮೆ ಹೊರಬಿದ್ದರ ತಿರುಗಿ ಒಳಗ ಬರೂದಿಲ್ಲ. ಅದೂ ಅಲ್ಲದ, ನಾ ಅದನ್ನ ಅಂದಷ್ಟೂ ನನಗ ಹಗುರಾಗತಿತ್ತು. ಮಂದಿ ನಕ್ಕಾಗೊಮ್ಮೆ ತೊಳದಾಕಿ ನೀಲತ್ತಿ ಅಂತ ಇನ್ನಷ್ಟು ಗಟ್ಟಿ ಆಗತಿತ್ತು. ಎರಡನೇ ಸಲ ವಾರ್ನಿಸು ಹಚ್ಚಿದಂಗ.

ನನ್ನನ್ನ ಮುಂಡರಗಿಗೆ ಕೊಟ್ಟರು. ಚೊಚ್ಚಲ ಬಾಣಂತನಕ್ಕ ತವರಿಗೆ ಬಂದೆ. ಗಂಡುಕೂಸು. ಅವ್ವಗ ಅಷ್ಟೊತ್ತಿಗೆ ಸೊಂಟ ಹಿಡದು ಕೆಳಗ ಕುಂಡ್ರಾಕ ಬರತಿರಲಿಲ್ಲ. ಐದನೇ ದಿನ ಬಚ್ಚಲದಾಗ ನೀರು ಕಾಸಿ, ನಾ ಕೂಸಿನ್ನ ಎತ್ತಿಕೊಂಡು ಅತ್ತಿ ಮುಂದ ಹೋಗಿ ನಿಂತೆ.

"ಅತ್ತಿ, ನೀನ ಎರಿ."

ಆಕಿ ಕೂಸಿನ ಮಾರಿ ನೋಡಿದಳು, ಕೈ ಹಿಂದ ಕಟ್ಟಿಕೊಂಡಳು.

"ನನ್ನ ಕೈ ಬ್ಯಾಡವ್ವ. ನನ್ನ ಕೈಯಾಗ ಉಳಿಯೂದಿಲ್ಲ."

"ಅದು ಫೋಟೋ, ಇದು ಕೂಸು."

"ಹೌದು. ಅದಕ್ಕ ಬ್ಯಾಡ ಅಂತೀನಿ."

ಬಚ್ಚಲದಾಗ ನಾವಿಬ್ಬರ. ನನಗ ಹದಿನೆಂಟು ತುಂಬಿತ್ತು, ಗಂಡನ ಮನಿ ಕಂಡಾಕಿ, ಮಗನ್ನ ಹಡದಾಕಿ. ಚಕ್ಕಡಿ ಇಲ್ಲ, ಮೆರವಣಿಗಿ ಇಲ್ಲ. ಯಾವುದರ ಅಂಜಿಕಿ ಇತ್ತು ನನಗ? ಬಾಯಿ ತೆರದೆ. "ಅತ್ತಿ" ಅಂದೆ. ಆಕಿ ಏನು ಅಂತ ನೋಡಿದಳು. ಏಳು ವರ್ಷ ಆಕಿ ಕೈ ಸುಮ್ಮನ ಕುಂತಿದ್ದವು. ಹೇಳಿದರ ಆ ಏಳು ವರ್ಷ ಯಾರ ತಪ್ಪಿಗೆ ಹೋದವು ಅಂತ ಕೇಳತಾಳ. "ಏನಿಲ್ಲ, ನೀರು ಆರತಾವು" ಅಂದೆ.

ನಾನ ಕಾಲು ನೀಡಿ ಕುಂತೆ. ಹಸೀ ಬಾಣಂತಿ, ಕೂಸು ಜಾರತಿತ್ತು. ಅತ್ತಿ ಬಾಗಿಲದಾಗ ಈ ಕಡೆ ಬೆನ್ನು ಮಾಡಿ ನಿಂತು, ನೋಡಲಾರದ ಹೇಳಿದಳು. "ಕುತ್ತಿಗಿ ಕೆಳಗ ಅಂಗೈ ಕೊಡು. ಮೊಣಕೈಲೆ ನೋಡು ನೀರು, ಬೆರಳಿಲೆ ಅಲ್ಲ. ಕಿವಿಗೆ ಕೈ ಅಡ್ಡ ಹಿಡಿ. ತಿಕ್ಕಬ್ಯಾಡ, ಸವರು." ಕೂಸು ಅಳೂದರ ಮ್ಯಾಲ ಯಾವಾಗ ಸುರೀಬೇಕು ಯಾವಾಗ ನಿಲ್ಲಬೇಕು ಅಂತ ಆಕಿಗೆ ತಿಳೀತಿತ್ತು. ಹಂಗ ನಾಕು ತಿಂಗಳು, ದಿನಾ, ಬೆನ್ನು ಮಾಡಿಕೊಂಡು ಹೇಳಿದಳು. ಒಂದು ದಿನ ಸುದ್ದಾ ಮುಟ್ಟಲಿಲ್ಲ.

ನನ್ನ ಮಗಗ ನಾಕು ವರ್ಷ ಇದ್ದಾಗ ಅತ್ತಿ ತೀರಿಕೊಂಡಳು. ಮಣ್ಣಿಗೆ ಮುಂಚೆ ಜಳಕ ಮಾಡಿಸೂವಾಗ ನೀರು ಹಾಕಿದಾಕಿ ನಾನು. ಬಿಸಿನೀರು ಹಾಕಿದೆ. ಆಗ ಕಿವಿ ಹತ್ತಿರ ಬಗ್ಗಿ ಹೇಳಿದೆ. ಹೇಳಿದ್ದು ಲೆಕ್ಕಕ್ಕ ಬರೂದಿಲ್ಲ. ಸತ್ತವರ ಮುಂದ ಹೇಳೂದು ಗ್ವಾಡಿ ಮುಂದ ಹೇಳಿದಂಗ, ಸಿಟ್ಟಿಗೇಳೂದೂ ಇಲ್ಲ, ಬೈಯೂದೂ ಇಲ್ಲ. ಅಪ್ಪಗಂತೂ ಹೇಳಲೇ ಇಲ್ಲ. ಆತನೂ ತನ್ನ ಪಾಲಿಂದು ಹೊತ್ತುಕೊಂಡ ಹೋದ. ಅಕ್ಕ ಹೋದ ಮ್ಯಾಲ ತಾನ ಆ ಬಶಿ ತಂದು ನನ್ನ ಕೈಯಾಗ ಕೊಟ್ಟ, "ಆಕಿ ನಿನ್ನ ಮ್ಯಾಲ ಜೀವ ಇಟ್ಟಿದ್ದಳು, ನೀನ ಇಟ್ಟುಕೋ" ಅಂದು.

ಬಶಿ ಈಗ ನನ್ನ ಟ್ರಂಕಿನಾಗ ಐತಿ. ಮುಂದ ಏನೂ ಇಲ್ಲ. ಹೊರಳಿಸಿದರ ಹಿಂದ ಎಣ್ಣಿ ಬಣ್ಣದಾಗ ಗುರುಪಾದ ಅಂತ ನಾ ಬರದ ಹೆಸರು. ಬಶಿಯೊಳಗಿಂದ ಬೆಳಕು ಹಾಯೂದಿಲ್ಲ, ಅದಕ್ಕ ನೆಟ್ಟಗ ಬರದೀನಿ. ಆ ಬಣ್ಣ ಇವತ್ತಿಗೂ ಒಂದು ಚೂರು ಹೋಗಿಲ್ಲ.

ಹೋದ ತಿಂಗಳು ಮೊಮ್ಮಗಳು ಕರೀ ಹಂಚು ತಂತಿಬ್ರಷ್ಷಿನಿಂದ ತಿಕ್ಕಿ ಅದರ ಮ್ಯಾಲಿನ ಲೇಪ ಕಿತ್ತಳು. ಸೊಸಿ ಒಲಿ ಮುಂದಿಂದನ ಅಂದಳು, "ಶಾಣ್ಯಾಕಿ, ನೀಲತ್ತಿ ತೊಳದಂಗ ತೊಳದಿ." ನಾ ಹೊರಸಿನ ಮ್ಯಾಲಿಂದ ಎದ್ದು ಅಡಗಿಮನಿ ಬಾಗಿಲಕ್ಕ ಹೋದೆ.

"ನೀಲತ್ತಿ ತೊಳದಿದ್ದಕ್ಕ ಹೋಗಿದ್ದಲ್ಲ ಅದು" ಅಂದೆ.

"ಮತ್ತ್ಯಾಕ ಹೋತ್ರಿ ಅತ್ಯಾರ?"

"ಕುಂಡ್ರು, ಹೇಳತೀನಿ."

"ಹಾಲು ಇಟ್ಟೀನ್ರಿ, ಉಕ್ಕತಾವು. ಆಮ್ಯಾಲ ಹೇಳ್ರಿ" ಅಂದಳು.

ನಾ ನಿಂತೆ. ಹಾಲು ಕಾದವು, ಚಾ ಆತು, ಎಲ್ಲಾರೂ ಕುಡದರು. ಮತ್ತ ಆಕಿ ಕೇಳಲಿಲ್ಲ. ಕೇಳದ ಇದ್ದದ್ದಕ್ಕ ನನಗ ಹಗುರಾತು, ಮೊದಲಿನಂಗ. ಹಂಗ ಹಗುರಾದದ್ದು ನೋಡಿ ಸಂಜಿಮುಂದ ಮೊಮ್ಮಗಳ ಪಾಟಿಚೀಲದಿಂದ ಬರಿಯಾಕ ಈ ವಹಿ ಇಸಕೊಂಡೆ. ಗುರ್ಯಾನ ಬಶಿಗೆ ವಾರ್ನಿಸು ನಾ ಹಚ್ಚಿದ್ದಿಲ್ಲ.